ಹೊರೆಗೆ ತಕ್ಕ ಲಾರಿ

ನಾವು ಉಣ್ಣುವ ಅಕ್ಕಿ, ಉಡುವ ಬಟ್ಟೆ, ಓದುವ ಪುಸ್ತಕ, ತರಗತಿಯಲ್ಲಿ ಕುಳಿತುಕೊಳ್ಳುವ ಬೆಂಚು, ಇವೆಲ್ಲವೂ ಎಂದೋ ಒಂದು ದಿನ ಲಾರಿಯನ್ನೇರಿಯೇ ನಮ್ಮ ಊರಿಗೆ ಬಂದಿರುತ್ತವೆ. ಆದರೂ ಲಾರಿಯ ವಿಷಯವಾಗಿ ನಮ್ಮಂತಹ ಕಲಾ ವಿದ್ಯಾರ್ಥಿಗಳಿಗೆ ತಿಳಿದಿರುವುದು ಅತ್ಯಲ್ಪ. ಕಾವ್ಯ, ಚರಿತ್ರೆ, ತತ್ತ್ವಶಾಸ್ತ್ರಗಳ ಲೇಖನಗಳ ನಡುವೆ ಲಾರಿಗೇನು ಕೆಲಸವೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಬಂಡವಾಳ, ಸ್ಥಿರ ವೆಚ್ಚ, ಸವಕಳಿ ಎಂಬ ಮಾತುಗಳನ್ನು ಕೇಳುವಾಗಲೆಲ್ಲ ನನ್ನ ಕಣ್ಣೆದುರಿಗೆ ಬಂದು ನಿಲ್ಲುವುದು ಲಾರಿಯೇ. ಹೊಲ ಅಡವಿಟ್ಟೋ, ಒಡವೆ ಮಾರಿಯೋ, ಸಾಲ ತಂದೋ ಒಂದು ಸಾಮಾನ್ಯ ಕುಟುಂಬವು ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಹೂಡಿಕೆ ಎಷ್ಟೋ ವೇಳೆ ಒಂದು ಲಾರಿಯಾಗಿರುತ್ತದೆ. ಆ ಆಯ್ಕೆ ಸರಿಯಾದರೆ ಮನೆಯ ಮಕ್ಕಳು ಓದಿ ಮುಂದೆ ಬರುತ್ತಾರೆ. ತಪ್ಪಿದರೆ ಹೊಲವೂ ಇಲ್ಲ, ಲಾರಿಯೂ ಇಲ್ಲ. ಆದುದರಿಂದ ಹೊರೆ ಸಾಗಿಸುವ ಲಾರಿಯನ್ನು ಹೇಗೆ ಆರಿಸಬೇಕೆಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಲಾರಿಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಚಾಸಿ. ಇಂಜಿನು, ಗೇರು, ಅಚ್ಚುಗಳು, ಚಕ್ರಗಳು, ಸ್ಪ್ರಿಂಗು, ಬ್ರೇಕು ಇವೆಲ್ಲವನ್ನೂ ಹೊತ್ತ ಉಕ್ಕಿನ ಚೌಕಟ್ಟೇ ಚಾಸಿ. ಮಲಗಿಸಿದ ಏಣಿಯನ್ನು ನೆನೆದುಕೊಂಡರೆ ಅದರ ರೂಪ ತಿಳಿಯುತ್ತದೆ: ಉದ್ದಕ್ಕೆ ಎರಡು ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಎರಡನೆಯದು ಸರಕನ್ನು ತುಂಬುವ ಬಾಡಿ. ಚಾಸಿಯನ್ನು ಕಾರ್ಖಾನೆಯಿಂದ ಕೊಂಡು ತಂದು, ಬಾಡಿಯನ್ನು ತಮಗೆ ಬೇಕಾದಂತೆ ಬೇರೆಡೆ ಕಟ್ಟಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. 1954ರಲ್ಲಿ ಜೆಮ್‌ಷೆಡ್‌ಪುರದ ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಲಾರಿಗಳನ್ನು ತಯಾರಿಸತೊಡಗಿತು. 1955ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಸಂಸ್ಥೆ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆಗೂಡಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ತಳೆಯಿತು. ಕಾರ್ಖಾನೆಗಳಿಂದ ಹೊರಟ ಚಾಸಿಗಳಿಗೆ ಬಾಡಿ ಕಟ್ಟುವ ಬಡಗಿಗಳೂ ಕಮ್ಮಾರರೂ ಊರೂರಿನ ಹೆದ್ದಾರಿಯ ಬದಿಯಲ್ಲಿ ನೆಲೆನಿಂತರು. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ, ತಿರುಚೆಂಗೋಡುಗಳು ಈ ಕಸುಬಿಗೆ ಹೆಸರಾದ ಊರುಗಳು. ಈಗ ಕಾರ್ಖಾನೆಯಲ್ಲೇ ಬಾಡಿ ಕಟ್ಟಿ ಕೊಡುವ ಲಾರಿಗಳೂ ದೊರೆಯುತ್ತವೆ. ಆದರೂ ಬರಿಯ ಚಾಸಿ ತಂದು ಬಾಡಿ ಕಟ್ಟಿಸುವವರು ಇಂದಿಗೂ ಇದ್ದಾರೆ.

ನನ್ನ ತಂದೆಯವರು ದಾವಣಗೆರೆ ಸೀಮೆಯ ಇಂತಹ ಒಂದು ಷೆಡ್ಡಿನಲ್ಲಿ ಬಡಗಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹೊಸ ಚಾಸಿಯನ್ನು ತಂದು ನಿಲ್ಲಿಸಿ, “ಮೇಸ್ತ್ರಿ, ಬಾಡಿ ಜೋರಾಗಿರಬೇಕು, ಎಷ್ಟು ಹಾಕಿದರೂ ತಡೀಬೇಕು” ಎನ್ನುವ ಮಾಲೀಕರಿಗೆ ತಂದೆಯವರು ಹಾಕುವ ಮೊದಲ ಪ್ರಶ್ನೆ ಒಂದೇ: “ಯಜಮಾನ್ರೆ, ಇದ್ರಾಗೆ ಏನು ಹೊರೆ ಹಾಕ್ತೀರಿ?” ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಬಹುಮಂದಿ ಮೊದಲು ಚಾಸಿ ಕೊಳ್ಳುತ್ತಾರೆ, ಆಮೇಲೆ ಬಾಡಿ ಕಟ್ಟಿಸುತ್ತಾರೆ, ಕಟ್ಟಕಡೆಗೆ ಹೊರೆ ಹುಡುಕುತ್ತಾರೆ. ನಡೆಯಬೇಕಾದ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಮೊದಲು ಹೊರೆ, ಅದಕ್ಕೆ ತಕ್ಕ ಬಾಡಿ, ಆ ಬಾಡಿಗೆ ತಕ್ಕ ಚಾಸಿ. ಬಾಡಿಗೆ ಹಾಕಿದ ದುಡ್ಡು ಬಾಡಿಗೆಯಿಂದಲೇ ತಾನೆ ಹಿಂದಿರುಗಿ ಬರಬೇಕು?

ಮೊದಲು ತೂಕದ ಲೆಕ್ಕವನ್ನು ನೋಡೋಣ. ಪ್ರತಿಯೊಂದು ಲಾರಿಗೂ ಕಾನೂನು ಒಪ್ಪುವ ಒಟ್ಟು ತೂಕ ಒಂದಿರುತ್ತದೆ. ಲಾರಿಯ ಸ್ವಂತ ತೂಕ, ಬಾಡಿಯ ತೂಕ, ಹೊರೆ, ಡೀಸೆಲ್, ಚಾಲಕ ಎಲ್ಲವೂ ಅದರೊಳಗೇ ಅಡಗಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಅಚ್ಚುಗಳ ಮೇಲಿನ ಮಿತಿಯನ್ನು ಏರಿಸಿತು. ಎರಡು ಟೈರುಗಳ ಮುಂದಿನ ಅಚ್ಚಿಗೆ 6 ಟನ್ ಇದ್ದದ್ದು 7 ಟನ್ ಆಯಿತು. ನಾಲ್ಕು ಟೈರುಗಳ ಹಿಂದಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಎಂಟು ಟೈರುಗಳ ಜೋಡಿ ಅಚ್ಚಿಗೆ 19 ಟನ್ ಇದ್ದದ್ದು 21 ಟನ್ ಆಯಿತು. ಹೀಗಾಗಿ ನಾವು ಆರು ಚಕ್ರದ ಲಾರಿ ಎನ್ನುವ ಎರಡು ಅಚ್ಚಿನ ಲಾರಿಯ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಆದರೂ ಯಾವ ಲಾರಿಗಾಗಲಿ ಅದರ ನೋಂದಣಿ ಪತ್ರದಲ್ಲಿ ಬರೆದಿರುವ ತೂಕವೇ ಕೊನೆಯ ಮಾತು.

ಈ 18.5 ಟನ್ ಎಲ್ಲವೂ ಹೊರೆಯೆಂದು ಭ್ರಮಿಸಬಾರದು. ಚಾಸಿ, ಕ್ಯಾಬಿನು, ಬಾಡಿ ಸೇರಿ ಲಾರಿಯ ಖಾಲಿ ತೂಕ 6.5 ಟನ್ ಇದೆಯೆಂದು ಇಟ್ಟುಕೊಳ್ಳೋಣ. ಉಳಿಯುವುದು 12 ಟನ್. ಇಷ್ಟೇ ಸಂಪಾದನೆಯ ತೂಕ. ಬಾಡಿಯನ್ನು “ಜೋರಾಗಿ” ಕಟ್ಟಿಸುವ ಆಸೆಯಿಂದ ಅನಾವಶ್ಯಕವಾಗಿ 400 ಕಿಲೋ ಮರವನ್ನೋ ಉಕ್ಕನ್ನೋ ಸೇರಿಸಿದರೆ, ಎಂಟು ಚೀಲ ಸಿಮೆಂಟಿನ ಜಾಗವನ್ನು ಬಾಡಿಯೇ ನುಂಗಿತು. ವರ್ಷಕ್ಕೆ 200 ಪ್ರಯಾಣವಾದರೆ 80 ಟನ್ ಬಾಡಿಗೆ ಕೈಬಿಟ್ಟಂತೆ. ಮೇಲಾಗಿ ಖಾಲಿ ಹಿಂದಿರುಗುವಾಗಲೂ ಆ 400 ಕಿಲೋವನ್ನು ಡೀಸೆಲ್ ಸುಟ್ಟು ಹೊರಬೇಕು. ಭಾರವಾದ ಬಾಡಿಯೇ ಗಟ್ಟಿಯಾದ ಬಾಡಿ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹೊರೆಯ ಸ್ವಭಾವವನ್ನು ಅರಿತು ಬಲವನ್ನು ಬೇಕಾದಲ್ಲಿ ಇಟ್ಟ ಬಾಡಿಯೇ ನಿಜವಾಗಿ ಗಟ್ಟಿಯಾದುದು.

ಇನ್ನು ಹೊರೆಯ ಗಾತ್ರ. ಇಪ್ಪತ್ತು ಅಡಿ ಉದ್ದ, ಏಳೂವರೆ ಅಡಿ ಅಗಲದ ಬಾಡಿಯೊಂದನ್ನು ತೆಗೆದುಕೊಳ್ಳೋಣ. ಅದರ ತಳ 150 ಚದರಡಿ. ಒಂದು ಘನ ಅಡಿ ಮರಳು ಸುಮಾರು 45 ಕಿಲೋ ತೂಗುತ್ತದೆ. 12 ಟನ್ ಮರಳನ್ನು ಈ ಬಾಡಿಯಲ್ಲಿ ಹರಡಿದರೆ ಅದರ ಎತ್ತರ ಎರಡಡಿಯನ್ನೂ ಮುಟ್ಟುವುದಿಲ್ಲ. ಬತ್ತ ಘನ ಅಡಿಗೆ ಸುಮಾರು 16 ಕಿಲೋ. ಅದೇ 12 ಟನ್ನಿಗೆ ಐದಡಿ ಎತ್ತರ ಬೇಕು. ಬತ್ತದ ಹೊಟ್ಟಾದರೋ ಘನ ಅಡಿಗೆ ಹೆಚ್ಚೆಂದರೆ ಮೂರು ನಾಲ್ಕು ಕಿಲೋ. ಆರಡಿ ಎತ್ತರಕ್ಕೆ ತುಂಬಿದರೂ ಮೂರು ಟನ್ನಿನ ಆಸುಪಾಸಿನಲ್ಲೇ ಇರುತ್ತದೆ. ಒಂದೇ ಲಾರಿ, ಒಂದೇ ಬಾಡಿ. ಮರಳಿಗೆ ಅದು ಬಲು ದೊಡ್ಡದು, ಬತ್ತಕ್ಕೆ ಸರಿ, ಹೊಟ್ಟಿಗೆ ತೀರ ಚಿಕ್ಕದು. ಮರಳು ಸಾಗಿಸುವವನು ತಗ್ಗಾದ, ಗಿಡ್ಡನೆಯ, ತಳ ಗಟ್ಟಿಯಾದ ಉಕ್ಕಿನ ಬಾಡಿಯನ್ನೂ ಅದಕ್ಕೆ ಗಿಡ್ಡ ಚಾಸಿಯನ್ನೂ ಆರಿಸಬೇಕು. ಹೊಟ್ಟು, ಹತ್ತಿ, ಬ್ಯಾಡಗಿಯ ಒಣಮೆಣಸಿನಕಾಯಿ ಚೀಲಗಳಂತಹ ಹಗುರ ಸರಕಿಗೆ ಉದ್ದನೆಯ ಚಾಸಿಯೂ ಹಗುರವಾದ ಎತ್ತರದ ಬಾಡಿಯೂ ಬೇಕು. ಮೊದಲನೆಯವನು ತೂಕವನ್ನು ಮಾರುತ್ತಾನೆ, ಎರಡನೆಯವನು ಜಾಗವನ್ನು ಮಾರುತ್ತಾನೆ.

ಬಾಡಿಯ ಉದ್ದವನ್ನು ಮನಬಂದಂತೆ ಬೆಳೆಸಲಾಗದು. ಎತ್ತಿನ ಗಾಡಿ ಹೇರಿದವರಿಗೆ ಇದರ ಮರ್ಮ ಹೊಸದೇನಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಕತ್ತು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ಲಾರಿಯಲ್ಲೂ ಹಾಗೆಯೇ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ 4.8 ಮೀಟರ್ ಎಂದು ಇಟ್ಟುಕೊಳ್ಳಿ. ಇಪ್ಪತ್ತಡಿಯ ಬಾಡಿಯ ನಡುಭಾಗ ಹಿಂದಿನ ಅಚ್ಚಿಗಿಂತ 1.2 ಮೀಟರ್ ಮುಂದಿದ್ದರೆ, 12 ಟನ್ ಹೊರೆಯಲ್ಲಿ ಕಾಲುಭಾಗ, ಅಂದರೆ 3 ಟನ್, ಮುಂದಿನ ಅಚ್ಚಿಗೆ ಹೋಗುತ್ತದೆ. 9 ಟನ್ ಹಿಂದಿನ ಅಚ್ಚಿಗೆ ಬೀಳುತ್ತದೆ. ಬಾಡಿಯನ್ನು ನಾಲ್ಕು ಅಡಿ ಹಿಂದಕ್ಕೆ ಬೆಳೆಸಿದರೆ ಅದರ ನಡುಭಾಗ ಎರಡಡಿ ಹಿಂದೆ ಸರಿಯುತ್ತದೆ. ಆಗ ಮುಂದಿನ ಅಚ್ಚಿಗೆ ಒಂದೂವರೆ ಟನ್ ಮಾತ್ರ, ಹಿಂದಿನದಕ್ಕೆ ಹತ್ತೂವರೆ ಟನ್. ಖಾಲಿ ಲಾರಿಯ ತೂಕದಲ್ಲಿ ಹಿಂದಿನ ಅಚ್ಚಿನ ಪಾಲು ಎರಡೂವರೆ ಟನ್ ಎಂದು ಸೇರಿಸಿದರೆ ಒಟ್ಟು 13 ಟನ್ ಆಯಿತು. ಅದರ ಮಿತಿಯೋ 11.5. ಒಟ್ಟು ತೂಕ ಒಂದು ಕಿಲೋ ಹೆಚ್ಚದಿದ್ದರೂ ಲಾರಿ ಅಪಾಯಕ್ಕೆ ಸಿಕ್ಕಿತು. ಹಿಂದಿನ ಸ್ಪ್ರಿಂಗು, ಟೈರುಗಳಿಗೆ ಹೆಚ್ಚಿನ ಶ್ರಮ. ಮುಂದಿನ ಚಕ್ರಗಳು ಹಗುರಾಗಿ, ಸ್ಟೇರಿಂಗು ಚಾಲಕನ ಮಾತು ಕೇಳುವುದು ಕಡಿಮೆಯಾಗುತ್ತದೆ. ಶಿರಾಡಿಯಂತಹ ಘಾಟಿಯಲ್ಲಿ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾರಣದಿಂದಲೇ ಹಿಂದಿನ ಅಚ್ಚಿನಾಚೆ ಚಾಚುವ ಭಾಗವು ಎರಡು ಅಚ್ಚುಗಳ ಅಂತರದ ನೂರಕ್ಕೆ 60 ಭಾಗವನ್ನು ಮೀರಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಮೇಲಿನ ಲಾರಿಯಲ್ಲಿ ಅದು 2.88 ಮೀಟರ್. ಇಪ್ಪತ್ತಡಿಯ ಬಾಡಿ 1.85 ಮೀಟರ್ ಚಾಚುತ್ತದೆ. ನಾಲ್ಕಡಿ ಬೆಳೆಸಿದರೆ ಮೂರು ಮೀಟರನ್ನೂ ದಾಟುತ್ತದೆ. ಲಾರಿಯ ಎತ್ತರಕ್ಕೂ ಮಿತಿಯುಂಟು. ಅದು 2020ರಲ್ಲಿ 3.8 ಮೀಟರಿನಿಂದ 4 ಮೀಟರಿಗೆ ಏರಿತು. ಉದ್ದನೆಯ ಬಾಡಿ ಬೇಕಾದವರು ಅಚ್ಚುಗಳ ಅಂತರವೇ ಹೆಚ್ಚಾಗಿರುವ ಚಾಸಿಯನ್ನು ಮೊದಲೇ ಕೊಳ್ಳಬೇಕು. ಗಿಡ್ಡ ಚಾಸಿ ಕೊಂಡು ಬಾಡಿಯನ್ನು ಎಳೆಯುವುದು ಸಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಚಾಸಿಯನ್ನು ಆರಿಸುವಾಗ ಗಮನಿಸತಕ್ಕ ಇನ್ನೆರಡು ಅಂಶಗಳಿವೆ. ಮೊದಲನೆಯದು ದಾರಿ. ಸಪಾಟಾದ ಹೆದ್ದಾರಿಯಲ್ಲಿ ನೂರಾರು ಮೈಲಿ ಒಂದೇ ಸಮನೆ ಓಡುವ ಲಾರಿಗೆ, ಇಂಜಿನು ಕಡಿಮೆ ಸುತ್ತು ತಿರುಗಿಯೂ ಚಕ್ರ ಬೇಗ ಉರುಳುವಂತಹ ಹಿಂದಿನ ಅಚ್ಚಿನ ಗೇರು ಹೊಂದುತ್ತದೆ, ಡೀಸೆಲ್ ಉಳಿಯುತ್ತದೆ. ಘಾಟಿ ಹತ್ತುವ, ಗಣಿಯ ಗುಂಡಿಯಿಂದ ಮೇಲೇಳುವ ಲಾರಿಗೆ ವೇಗಕ್ಕಿಂತ ಎಳೆತ ಮುಖ್ಯ. ಅದಕ್ಕೆ ನಿಧಾನದ ಗೇರು ಬೇಕು. ಇಂಜಿನಿನ ಶಕ್ತಿಯೊಂದನ್ನೇ ನೋಡಿ ಚಾಸಿ ಕೊಳ್ಳುವವರು ಈ ವ್ಯತ್ಯಾಸವನ್ನು ಡೀಸೆಲ್ ಬಂಕಿನಲ್ಲಿ ದಿನವೂ ತೆರಬೇಕಾಗುತ್ತದೆ. ಎರಡನೆಯದು ತಿರುವು. ಉದ್ದನೆಯ ಲಾರಿ ಹೆದ್ದಾರಿಯಲ್ಲಿ ಚೆನ್ನ. ಆದರೆ ಹಳ್ಳಿಯ ಕಣಕ್ಕೋ ಊರ ನಡುವಣ ಮಂಡಿಗೋ ಹೋಗಬೇಕಾದರೆ ತಿರುಗಲು ಜಾಗವಿಲ್ಲದೆ ಸರಕನ್ನು ಇನ್ನೊಂದು ವಾಹನಕ್ಕೆ ಬದಲಾಯಿಸಬೇಕಾಗಬಹುದು. ಆ ಹಮಾಲಿ ಖರ್ಚು ಯಾರ ತಲೆಗೆ?

ಬಾಡಿಯ ಬಗೆಗಳನ್ನೂ ಸ್ವಲ್ಪ ನೋಡೋಣ. ದವಸ, ಸಿಮೆಂಟು, ಇಟ್ಟಿಗೆ, ತರಕಾರಿ, ಯಾವುದಕ್ಕಾದರೂ ಒದಗುವುದು ಪಕ್ಕದ ಹಲಗೆಗಳುಳ್ಳ ತೆರೆದ ಬಾಡಿ. ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿದರೆ ಮಳೆಗೂ ಆದೀತು. ಔಷಧಿ, ಬಟ್ಟೆ, ಪೆಟ್ಟಿಗೆಯ ಸಾಮಾನುಗಳಿಗೆ ಮುಚ್ಚಿದ ಪೆಟ್ಟಿಗೆಯಂತಹ ಬಾಡಿ ಲೇಸು. ನೆನೆಯುವ, ಕಳುವಾಗುವ ಭಯ ಕಡಿಮೆ. ಆದರೆ ಮೇಲಿನಿಂದ ಹೇರಲಾಗದು, ತೂಕವೂ ಹೆಚ್ಚು. ಕೋಲಾರದ ಟೊಮೇಟೊವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿ ಒಯ್ದರೆ ಊರು ಮುಟ್ಟುವ ಮೊದಲೇ ಬೆಂದುಹೋದೀತು. ಮರಳು, ಜಲ್ಲಿ, ಅದಿರುಗಳಿಗೆ ಟಿಪ್ಪರು. ಬಾಡಿಯನ್ನೆತ್ತಿ ಸುರಿಯುವ ಅನುಕೂಲವಿದ್ದರೂ, ಎತ್ತುವ ಯಂತ್ರದ ತೂಕ ಹೊರೆಯಿಂದಲೇ ಕಳೆಯುತ್ತದೆ. ಇನ್ನು ಮರ, ಉಕ್ಕು, ಅಲ್ಯೂಮಿನಿಯಂ ಎಂಬ ಮೂರು ಸಾಮಗ್ರಿಗಳು. ಮರದ ಬಾಡಿಯನ್ನು ಯಾವ ಊರಲ್ಲಾದರೂ ದುರಸ್ತಿ ಮಾಡಿಸಬಹುದು. ಆದರೆ ಅದು ನೀರು ಕುಡಿದು ಕೊಳೆಯುತ್ತದೆ. ಉಕ್ಕು ಪೆಟ್ಟು ತಡೆಯುತ್ತದೆ, ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ. ಆದರೆ ಬೆಲೆ ಹೆಚ್ಚು, ಒರಟು ಕಲ್ಲಿಗೆ ಒಗ್ಗದು.

ಬಾಡಿಯನ್ನು ಚಾಸಿಗೆ ಕೂಡಿಸುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆದರೆ ಲಾರಿಯ ಆಯುಸ್ಸು ಅಲ್ಲಿದೆ. ಹೊರೆ ಹೊತ್ತ ತೊಲೆ ಬಾಗುವಾಗ ಅದರ ಮೇಲಂಚೂ ಕೆಳಂಚೂ ಅತಿ ಹೆಚ್ಚು ಶ್ರಮಪಡುತ್ತವೆ. ನಟ್ಟನಡುವಿನಲ್ಲಿ ಶ್ರಮ ಅತಿ ಕಡಿಮೆ. ಆದಕಾರಣ ಚಾಸಿ ತೊಲೆಯ ಅಂಚುಗಳಿಗೆ ತೂತು ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಕೂಡದು. ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ. ತೊಲೆಯ ಉದ್ದಕ್ಕೂ ಮರದ ಪಟ್ಟಿಯನ್ನು ಹಾಸಿ, ಅದರ ಮೇಲೆ ಬಾಡಿಯ ಅಡಿಚೌಕಟ್ಟನ್ನು ಕೂರಿಸಿ, ಯು-ಬೋಲ್ಟುಗಳಿಂದ ಬಿಗಿಯುವುದು ರೂಢಿಯ ಮಾರ್ಗ. ಹಿಂಭಾಗದಲ್ಲಿ ತಗ್ಗಾಗಿ ಕಟ್ಟುವ ಅಡ್ಡಪಟ್ಟಿಯನ್ನು ಕೆಲವರು ದಂಡ ತಪ್ಪಿಸುವ ಅಲಂಕಾರವೆಂದು ಬಗೆಯುತ್ತಾರೆ. ರಾತ್ರಿ ನಿಂತ ಲಾರಿಗೆ ಹಿಂದಿನಿಂದ ಬಂದು ತಾಗುವ ಕಾರು ಬಾಡಿಯ ಕೆಳಗೆ ನುಗ್ಗದಂತೆ ತಡೆಯುವುದು ಅದೇ ಪಟ್ಟಿ. ಅದನ್ನು ಸರಿಯಾಗಿ ಕಟ್ಟದ ಬಾಡಿ ಎಷ್ಟು ಬಣ್ಣ ಬಳಿದಿದ್ದರೂ ಅಪೂರ್ಣವೇ.

ತಪ್ಪು ಆಯ್ಕೆಯಿಂದ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನನ್ನ ಸೋದರಮಾವನವರು ಎರಡು ಎಕರೆ ಜಮೀನು ಮಾರಿ, ಉಳಿದುದಕ್ಕೆ ಸಾಲ ಮಾಡಿ ಆರು ಚಕ್ರದ ಲಾರಿ ಕೊಂಡರು. ಅಕ್ಕಿ ಗಿರಣಿಗಳ ಹೊಟ್ಟು ಸಾಗಿಸುವ ಕೆಲಸ ಸಿಕ್ಕಿತ್ತು. ನೋಂದಣಿಯಾದ ಮೇಲೆ ಬಾಡಿಯನ್ನು ನಾಲ್ಕಡಿ ಹಿಂದಕ್ಕೆ ಬೆಳೆಸಬೇಕೆಂದು ತಂದೆಯವರನ್ನು ಕೇಳಿದರು. ತಂದೆಯವರು, “ಭಾವ, ಇದು ಹೊಟ್ಟು ಇರೋತನಕ ಸೈ, ಕಾಳು ಹಾಕಿದ ದಿನ ಚಾಸಿ ಅಳುತ್ತೆ” ಎಂದು ಒಪ್ಪಲಿಲ್ಲ. ಮಾವನವರು ಬೇರೆ ಷೆಡ್ಡಿನಲ್ಲಿ ಕಟ್ಟಿಸಿಕೊಂಡರು. ಒಂದು ವರ್ಷದ ಮೇಲೆ ಹೊಟ್ಟಿನ ಬಾಡಿಗೆ ನಿಂತಿತು. ಕಂತು ನಿಲ್ಲಲಿಲ್ಲ. ಮೆಕ್ಕೆಜೋಳ ಹೇರತೊಡಗಿದರು. ಮೆಕ್ಕೆಜೋಳ ಘನ ಅಡಿಗೆ ಸುಮಾರು 20 ಕಿಲೋ. ಇಪ್ಪತ್ತನಾಲ್ಕು ಅಡಿಯ ಆ ಬಾಡಿಯಲ್ಲಿ ನಾಲ್ಕಡಿ ಎತ್ತರ ತುಂಬಿದರೆ 14 ಟನ್ ಮೀರುತ್ತದೆ. ಅದರಲ್ಲಿ ಹನ್ನೆರಡೂವರೆ ಟನ್ ಹಿಂದಿನ ಅಚ್ಚಿನ ಮೇಲೆಯೇ ಬೀಳುತ್ತದೆ, ಲಾರಿಯ ಸ್ವಂತ ತೂಕ ಸೇರುವುದಕ್ಕೆ ಮೊದಲೇ! ಸ್ಪ್ರಿಂಗ್ ಪಟ್ಟಿಗಳು ಮುರಿದವು, ಟೈರುಗಳು ಒಡೆದವು, ತೊಲೆಯಲ್ಲಿ ಬಿರುಕು ಕಂಡಿತು. ಮೂರನೆಯ ವರ್ಷ ಸಾಲ ಕೊಟ್ಟವರು ಲಾರಿಯನ್ನು ಒಯ್ದರು. ಮಾವನವರು ಈಗ ಬೇರೊಬ್ಬರ ಲಾರಿಗೆ ಚಾಲಕರು. ಅವರು ಸೋಮಾರಿಗಳಲ್ಲ, ದುಂದುಗಾರರೂ ಅಲ್ಲ. ಲೆಕ್ಕ ಒಂದು ತಪ್ಪಿತ್ತು, ಅಷ್ಟೆ.

ಇಂತಹ ತಪ್ಪಿನ ಫಲ ಮಾಲೀಕನೊಬ್ಬನಿಗೇ ಮುಗಿಯುವುದಿಲ್ಲ. 2019ರ ತಿದ್ದುಪಡಿಯಾದ ಮೇಲೆ ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ, ಹೊರೆ ಇಳಿಸುವ ಖರ್ಚು ಬೇರೆ. ಇದು ಮೋಟಾರು ವಾಹನ ಕಾಯಿದೆಯ 194ನೆಯ ಕಲಮು. ರಸ್ತೆ ತೆರುವ ದಂಡ ಇದಕ್ಕಿಂತ ದೊಡ್ಡದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಮಡಿ. ಕಾಲುಭಾಗ ಹೆಚ್ಚು ಹೇರಿದ ಲಾರಿ ಹೆಚ್ಚುಕಡಿಮೆ ಎರಡೂವರೆ ಲಾರಿಗಳಷ್ಟು ರಸ್ತೆಯನ್ನು ಸವೆಸುತ್ತದೆ. ಆ ಗುಂಡಿಗಳಲ್ಲಿ ಮುಗ್ಗರಿಸುವವರು ನಾವೆಲ್ಲರೂ.

ಹೊರೆಯನ್ನು ನೋಡಿ ಲಾರಿ ಆರಿಸಬೇಕೆಂದೆ. ಆದರೆ ಒಂದೇ ಹೊರೆಯನ್ನು ನಂಬುವುದೂ ಅಪಾಯವೇ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುತಿಂಗಳೇ ಆ ಆಜ್ಞೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವ್ಯಾಪಿಸಿತು. ಅಕ್ರಮವನ್ನು ತಡೆಯಲು ಆ ಆಜ್ಞೆ ಅಗತ್ಯವಾಗಿತ್ತು. ಆದರೆ ಅದಿರಿಗೆಂದೇ ಕೊಂಡ ಲಾರಿಗಳು ನಿಂತಲ್ಲಿಯೇ ನಿಂತವು. ಅದಿರಿನಂತಹ ಭಾರದ ಸರಕಿಗೆ ಕಟ್ಟಿದ ತಗ್ಗು ಬಾಡಿ ಬತ್ತಕ್ಕೂ ಆಗದು, ಹತ್ತಿಗೂ ಆಗದು. ಆದುದರಿಂದ ಬಾಡಿ ಕಟ್ಟಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೂಡಿಸಿಕೊಳ್ಳಬೇಕು: ಹಿಂದಿರುಗುವಾಗ ಏನು ಹೇರಿಕೊಂಡು ಬರುತ್ತೇನೆ? ಈ ಹೊರೆ ನಿಂತ ದಿನ ಬೇರೆ ಯಾವ ಹೊರೆಗೆ ಈ ಬಾಡಿ ಒದಗೀತು? ಉತ್ತರ ದೊರೆತರೆ ಮುಂದುವರಿಯಬಹುದು. ದೊರೆಯದಿದ್ದರೆ ಆ ಹಣ ಮನೆಯಲ್ಲಿಯೇ ಇರುವುದು ಕ್ಷೇಮ.

ಇಷ್ಟನ್ನೂ ತಿಳಿಯಲು ಇಂಜಿನಿಯರಾಗಬೇಕಾದ ಅಗತ್ಯವಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಹೊರೆಯ ತೂಕವೆಷ್ಟು, ಗಾತ್ರವೆಷ್ಟು, ದಾರಿ ಯಾವುದು, ಬಾಡಿಯ ತೂಕವೆಷ್ಟು, ಯಾವ ಅಚ್ಚಿನ ಮೇಲೆ ಎಷ್ಟು ಬೀಳುತ್ತದೆ ಎಂಬ ಐದು ಸಾಲುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಬಾಡಿ ಕಟ್ಟಿಯಾದ ಮೇಲೆ ಖಾಲಿ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಬೇಕು. ಮುಂದಿನ ಚಕ್ರಗಳನ್ನು ಬೇರೆಯಾಗಿ, ಹಿಂದಿನ ಚಕ್ರಗಳನ್ನು ಬೇರೆಯಾಗಿ ತೂಗಿಸಿದರೆ ಇನ್ನೂ ಉತ್ತಮ. ಷೆಡ್ಡಿನ ಮೇಸ್ತ್ರಿಗೆ ಈ ವಿಷಯ ಅನುಭವದಿಂದ ಗೊತ್ತು. ಆದರೆ ಕಾಗದದ ಮೇಲೆ ಬರೆದು ತೋರಿಸಲು ಅವನಿಗೆ ಬಾರದು. ಬರೆಯಲು ಬಲ್ಲ ನಮಗೆ ವಿಷಯವೇ ಗೊತ್ತಿಲ್ಲ. ಈ ಎರಡೂ ಕೂಡುವ ಜಾಗದಲ್ಲಿ ನಮ್ಮಂತಹ ಮನೆಗಳಿಂದ ಬಂದ ವಿದ್ಯಾರ್ಥಿಗಳಿಗೆ ಕೆಲಸವಿದೆ. ಈ ಕಾಲೇಜಿನಲ್ಲಿ ಓದುತ್ತಿರುವ ಎಷ್ಟೋ ಮಂದಿಯ ಮನೆಯಲ್ಲಿ ಇಂದಲ್ಲ ನಾಳೆ ಲಾರಿಯನ್ನೋ ಟ್ರಾಕ್ಟರನ್ನೋ ಕೊಳ್ಳುವ ಮಾತು ಬಂದೀತು. ಸಾಲದ ಕಾಗದಕ್ಕೆ ತಂದೆಯೋ ಅಣ್ಣನೋ ಹೆಬ್ಬೆಟ್ಟು ಒತ್ತುವ ಮೊದಲು ಆ ಐದು ಸಾಲುಗಳ ಹಾಳೆಯನ್ನು ಅವರ ಮುಂದಿಡಿರೆಂದು ಕೇಳಿಕೊಂಡು ವಿರಮಿಸುತ್ತೇನೆ.